ಮಾಲ್ಟಾದ ಆಡು, ನಮ್ಮೂರಿನ ಕೊಟ್ಟಿಗೆ: ಬಸುರಿಯ ಭಯಕ್ಕೆ ಒಂದು ಇತಿಹಾಸ

ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೂತು ಈ ಚಾನೆಲ್ ನೋಡುವ ಎಷ್ಟೋ ಜನರ ಊರಿನ ಮನೆಯಲ್ಲಿ ಇವತ್ತಿಗೂ ದನದ ಕೊಟ್ಟಿಗೆ ಇದೆ. ಮಗಳೋ ಸೊಸೆಯೋ ಎರಡು ಮೂರು ತಿಂಗಳ ಬಸುರಿ, ಹಬ್ಬಕ್ಕೆ ಅಂತ ಊರಿಗೆ ಹೋಗ್ತಾಳೆ. ಅಲ್ಲಿ ಹಸು ಆಗಷ್ಟೇ ಕರು ಹಾಕಿರುತ್ತೆ. ಹೋಗಿ ಮುಟ್ಟಿ ಬರ್ತಾಳೆ. ಆಮೇಲೆ ಯಾರೋ ಏನೋ ಹೇಳ್ತಾರೆ, ರಾತ್ರಿಯೆಲ್ಲ ನಿದ್ದೆ ಇಲ್ಲ. ಈ ಭಯದಲ್ಲಿ ಎಷ್ಟು ನಿಜ, ಎಷ್ಟು ಸುಮ್ಮನೆ? ಇದಕ್ಕೆ ಉತ್ತರ ಹುಡುಕಲು ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತು. ಇವತ್ತು ಆ ಕಥೆ.

ಕಥೆ ಶುರುವಾಗೋದು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ. ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಒಂದು ವಿಚಿತ್ರ ಜ್ವರ ಬರುತ್ತಿತ್ತು. ಬಂದು ಹೋಗಿ, ಹೋಗಿ ಬಂದು, ತಿಂಗಳುಗಟ್ಟಲೆ ಹಾಸಿಗೆ ಹಿಡಿಸುತ್ತಿತ್ತು. 1887ರಲ್ಲಿ ಸೇನಾ ವೈದ್ಯ ಡೇವಿಡ್ ಬ್ರೂಸ್, ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದರು. ಆದರೆ ಅದು ಎಲ್ಲಿಂದ ಬರುತ್ತೆ ಅನ್ನೋದು ಮಾತ್ರ ಗೊತ್ತಾಗಲಿಲ್ಲ. ಗಾಳಿ, ಧೂಳು, ಚರಂಡಿ, ಸೊಳ್ಳೆ, ಎಲ್ಲದರ ಮೇಲೂ ಅನುಮಾನ ಬಿತ್ತು.

1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಝಮ್ಮಿಟ್ ಆಡುಗಳ ರಕ್ತ ಪರೀಕ್ಷಿಸಿದರು. ಆಗ ಆಡುಗಳನ್ನು ಬೀದಿಬೀದಿಗೆ ಹೊಡಕೊಂಡು ಬಂದು, ಮನೆ ಬಾಗಿಲಲ್ಲೇ ಹಾಲು ಕರೆದು ಕೊಡ್ತಿದ್ರು. ನೋಡೋಕೆ ಪೂರ್ತಿ ಆರೋಗ್ಯವಾಗಿದ್ದ ಆಡುಗಳಲ್ಲೇ ಸೋಂಕು ಇತ್ತು. ಹತ್ತರಲ್ಲಿ ಒಂದರಷ್ಟು ಆಡುಗಳ ಹಾಲಿನಲ್ಲೂ ರೋಗಾಣು ಸಿಕ್ಕಿತು. 1906ರಲ್ಲಿ ಸೈನಿಕರಿಗೆ ಆ ಹಾಲು ಕೊಡೋದು ನಿಲ್ಲಿಸಿದರು. ನೂರಾರು ಇದ್ದ ರೋಗಿಗಳ ಸಂಖ್ಯೆ ಒಂದೆರಡು ವರ್ಷದಲ್ಲೇ ಬೆರಳೆಣಿಕೆಗೆ ಇಳಿಯಿತು. ಗಮನಿಸಿ: ಆಡುಗಳು ಅದೇ ಬೀದಿಯಲ್ಲೇ ಓಡಾಡಿಕೊಂಡಿದ್ದವು. ನಿಂತಿದ್ದು ಹಸಿ ಹಾಲು ಮಾತ್ರ.

ಇಲ್ಲೊಂದು ಬೇಜಾರಿನ ವಿಷಯ. ಸೈನಿಕರೇನೋ ಪಾರಾದರು, ಊರಿನ ಜನ ಅದೇ ಹಾಲು ಕುಡಿಯುತ್ತಲೇ ಇದ್ದರು. ಮಾಲ್ಟಾದಲ್ಲಿ ಹಾಲು ಪಾಶ್ಚರೀಕರಿಸುವ ಕೇಂದ್ರ ಬಂದದ್ದು 1938ರಲ್ಲಿ. ಕಾರಣ ಗೊತ್ತಾದ ಮೇಲೂ ಮೂವತ್ತು ವರ್ಷ!

ಈಗ ಡೆನ್ಮಾರ್ಕಿಗೆ ಬನ್ನಿ. ಅಲ್ಲಿ ಹಸುಗಳು ಸಾಲಾಗಿ ಕಂದು ಹಾಕುತ್ತಿದ್ದವು. ಒಂದು ಹಸುವಿಗೆ ಆದರೆ ಕೊಟ್ಟಿಗೆಯ ಉಳಿದವಕ್ಕೂ ಆಗುತ್ತಿತ್ತು. 1897ರಲ್ಲಿ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ ಅದಕ್ಕೂ ಒಂದು ರೋಗಾಣು ಕಾರಣ ಅಂತ ತೋರಿಸಿದರು. ಆದರೆ ಅದು ದನದ ರೋಗ, ಮಾಲ್ಟಾದ್ದು ಮನುಷ್ಯರ ಜ್ವರ ಅಂತ ಎರಡು ಬೇರೆ ಬೇರೆ ಕಡತದಲ್ಲಿ ಕೂತವು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಒಂದೇ, ಟಿಕೆಟ್ ಎರಡು. ಎರಡು ಟೀಮಿನವರೂ ಪರಸ್ಪರ ಮಾತಾಡಿರಲಿಲ್ಲ, ಅಷ್ಟೇ.

ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಅಮೆರಿಕದ ಆಲಿಸ್ ಇವಾನ್ಸ್. ಕೃಷಿ ಇಲಾಖೆಯ ಡೈರಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಅವರು, ಇವೆರಡೂ ತೀರಾ ಹತ್ತಿರದ ಸಂಬಂಧಿಗಳು, ಹಸಿ ಹಾಲು ಕುಡಿಯೋದು ಅಪಾಯ ಅಂತ 1918ರಲ್ಲಿ ಪ್ರಕಟಿಸಿದರು. ದೊಡ್ಡ ದೊಡ್ಡ ವಿಜ್ಞಾನಿಗಳು ನಂಬಲಿಲ್ಲ. ಹೆಂಗಸು, ಪಿಎಚ್‌ಡಿ ಬೇರೆ ಇಲ್ಲ. 1922ರಲ್ಲಿ ಅದೇ ರೋಗ ಅವರಿಗೂ ಅಂಟಿತು, ಎಷ್ಟೋ ವರ್ಷ ಬಿಟ್ಟು ಬಿಟ್ಟು ಕಾಡಿತು. ಕೊನೆಗೆ ಬೇರೆಯವರ ಸಂಶೋಧನೆಗಳೂ ಅವರ ಮಾತನ್ನೇ ಹೇಳಿದವು. 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಅವರು ಮೊದಲ ಮಹಿಳಾ ಅಧ್ಯಕ್ಷೆಯಾದರು. ಈ ಕುಟುಂಬದ ರೋಗಾಣುಗಳಿಗೆ ಇವತ್ತು ಬ್ರೂಸ್ ಹೆಸರಿನಲ್ಲೇ ಬ್ರೂಸೆಲ್ಲಾ ಅಂತಾರೆ. ನಮ್ಮ ಪಶುಪಾಲನಾ ಇಲಾಖೆಯ ಭಾಷೆಯಲ್ಲಿ ಕಂದು ರೋಗ.

ಬಸುರಿಗೆ ಇದರಿಂದ ಏನಾಗುತ್ತೆ? ಬಹಳ ಕಾಲ ಏನೂ ಆಗಲ್ಲ ಅನ್ನೋ ವಾದವಿತ್ತು. ಹಸು, ಆಡು, ಕುರಿಗಳ ಮಾಸಿನಲ್ಲಿ ಎರಿಥ್ರಿಟಾಲ್ ಅನ್ನೋ ಸಕ್ಕರೆಯಂಥ ವಸ್ತು ಇದೆ, ರೋಗಾಣುವಿಗೆ ಅದು ಹಬ್ಬದೂಟ. ಮನುಷ್ಯರ ಮಾಸಿನಲ್ಲಿ ಅದಿಲ್ಲ, ಹಾಗಾಗಿ ಹೆದರಬೇಕಿಲ್ಲ ಅಂತ ಲೆಕ್ಕ. ಆದರೆ ಮುಂದೆ ಸೌದಿ ಅರೇಬಿಯಾದಂಥ ದೇಶಗಳ ಆಸ್ಪತ್ರೆಗಳಲ್ಲಿ ನೋಡಿದಾಗ, ಈ ಸೋಂಕಿದ್ದ ಬಸುರಿಯರಲ್ಲಿ ಮೊದಲ ಆರು ತಿಂಗಳಲ್ಲಿ ಗರ್ಭಪಾತ ಹೆಚ್ಚಾಗಿ ಕಂಡಿತು. ಬೇಗ ಗುರುತಿಸಿ ಔಷಧಿ ಕೊಟ್ಟವರಲ್ಲಿ ಗರ್ಭ ಉಳಿಯುವುದು ಹೆಚ್ಚಾಗಿತ್ತು. ಅಂದ್ರೆ ಭಯ ಪೂರ್ತಿ ಸುಳ್ಳಲ್ಲ, ಆದರೆ ದಾರಿ ಇಲ್ಲದ್ದೂ ಅಲ್ಲ.

ಕೊಟ್ಟಿಗೆಯ ಹತ್ತಿರ ಹೋಗದೇನೂ ಸೋಂಕು ಬರಬಹುದು. 1981ರಲ್ಲಿ ಕೆನಡಾದ ಪೂರ್ವ ಕರಾವಳಿಯಲ್ಲಿ ಲಿಸ್ಟೀರಿಯಾ ಸೋಂಕಿನ 41 ಪ್ರಕರಣಗಳು ಬಂದವು. ಅದರಲ್ಲಿ 34 ಬಸುರಿಯರು ಮತ್ತು ನವಜಾತ ಶಿಶುಗಳದ್ದೇ. ಗರ್ಭಗಳು ಹೋದವು, ಕೂಸುಗಳು ತೀರಿಕೊಂಡವು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಹಸಿ ಎಲೆಕೋಸಿನ ಸಲಾಡ್! ಆ ಕೋಸು ಬೆಳೆದ ರೈತ ಕುರಿ ಸಾಕಿದ್ದ. ಎರಡು ಕುರಿ ಇದೇ ರೋಗದಿಂದ ಸತ್ತಿದ್ದವು, ಅವುಗಳ ಗೊಬ್ಬರವೇ ಹೊಲಕ್ಕೆ ಬಿದ್ದಿತ್ತು. ಕೊಯ್ದ ಕೋಸನ್ನು ಚಳಿಗಾಲವಿಡೀ ತಣ್ಣನೆಯ ಜಾಗದಲ್ಲಿ ಇಟ್ಟಿದ್ದರು. ಲಿಸ್ಟೀರಿಯಾ ತಂಪಿನಲ್ಲೂ ಬೆಳೆಯುತ್ತೆ. ಆ ತಾಯಂದಿರು ಕುರಿ ಮುಟ್ಟಿಯೇ ಇರಲಿಲ್ಲ.

ಇಷ್ಟೆಲ್ಲ ಸೇರಿಸಿ ನೋಡಿದ್ರೆ ಏನು ಗೊತ್ತಾಗುತ್ತೆ? ಭಯಕ್ಕೆ ಒಂದು ವಿಳಾಸ ಇದೆ. ಹಸಿ ಹಾಲು, ಹಸಿ ಮಾಂಸ, ತೊಳೆಯದ ತರಕಾರಿ, ಎಲ್ಲಕ್ಕಿಂತ ಮುಖ್ಯವಾಗಿ ಪ್ರಾಣಿಯ ಹೆರಿಗೆಯ ಜಾಗ. ಕಂದು ಹಾಕಿದ ಹಸು, ಅದರ ಮಾಸು, ಸ್ರಾವ, ಆಗಷ್ಟೇ ಹುಟ್ಟಿದ ಒದ್ದೆ ಕರು, ಕುರಿಮರಿ. ಬ್ರಿಟನ್ನಿನಲ್ಲಿ ಕುರಿ ಮರಿ ಹಾಕುವ ಕಾಲಕ್ಕೆ ಬಸುರಿಯರು ಆ ಕಡೆ ಹೋಗಬೇಡಿ ಅಂತ ಪ್ರತಿವರ್ಷ ಸರ್ಕಾರವೇ ಎಚ್ಚರಿಸುತ್ತೆ.

ಹಾಗಂತ ಊರಿಗೇ ಹೋಗಬಾರದು ಅಂತಲ್ಲ. ಆರೋಗ್ಯವಾಗಿರೋ ಹಸುವಿನ ಮೈ ಸವರಿ, ಸೋಪಿನಲ್ಲಿ ಕೈ ತೊಳೆದುಕೊಂಡವಳು ರಾತ್ರಿಯೆಲ್ಲ ಅಳಬೇಕಿಲ್ಲ. ಹಾಲು ಉಕ್ಕಿಸಿ ಕುಡಿಯೋ ನಮ್ಮ ಮನೆಗಳ ಅಭ್ಯಾಸ ಎಷ್ಟೋ ತಲೆಮಾರನ್ನು ಕಾಪಾಡಿದೆ. ತಪ್ಪೋದು ಎಲ್ಲಿ ಅಂದ್ರೆ, 'ಬಸುರಿಗೆ ಒಳ್ಳೇದು' ಅಂತ ಪ್ರೀತಿಯಿಂದ ಕೊಡೋ ಬಿಸಿ ನೊರೆಹಾಲಿನ ಲೋಟದಲ್ಲಿ. ಅದು ಕೆಚ್ಚಲಿನ ಬಿಸಿ, ಒಲೆಯ ಬಿಸಿ ಅಲ್ಲ. 'ಅತ್ತೆ, ಒಂದು ಕುದಿ ಬರಿಸಿ ಕೊಡಿ' ಅಂದ್ರೆ ಯಾರಿಗೂ ಅವಮಾನ ಆಗಲ್ಲ.

ಇನ್ನೆರಡು ಮಾತು. 2019ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಕಂದು ರೋಗದ ಲಸಿಕೆ ಹಾಕ್ತಾರೆ. ಊರಿಗೆ ಫೋನ್ ಮಾಡಿದಾಗ ನಮ್ಮ ಕರುಗಳಿಗೆ ಹಾಕಿಸಿದ್ದೀರಾ ಅಂತ ಕೇಳಿ. ಎರಡನೆಯದು, ಊರಿಂದ ಬಂದು ಕೆಲವು ವಾರ ಆದ ಮೇಲೆ ಜ್ವರ ಬಂದರೆ, 'ಊರಲ್ಲಿ ದನ ಇವೆ, ಹಸು ಕರು ಹಾಕಿತ್ತು' ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಮಹಾನಗರದ ಆಸ್ಪತ್ರೆಯಲ್ಲಿ ಮಲೇರಿಯಾ, ಟೈಫಾಯಿಡ್ ನೆನಪಾಗುತ್ತೆ, ಕೊಟ್ಟಿಗೆ ನೆನಪಾಗಲ್ಲ. ಮಾಲ್ಟಾದಲ್ಲೂ ಆಡಿನ ಕಡೆ ಯಾರೂ ತಿರುಗಿ ನೋಡದೆ ಹದಿನೆಂಟು ವರ್ಷ ಕಳೆದಿತ್ತು.