ಮೂರು ಪೌಂಡಿನೊಳಗಿನ ಪಕ್ಕೆಲುಬು

ಹಂದಿಯ ಹೊಟ್ಟೆಭಾಗದ ಮಾಂಸವನ್ನು ಬೇಕನ್‌ಗೆಂದು ಬಿಡಿಸಿಕೊಂಡ ಮೇಲೆ ಉಳಿಯುವ ಪಕ್ಕೆಲುಬುಗಳ ಪಟ್ಟಿಗೆ ಅಮೆರಿಕದಲ್ಲಿ ಸ್ಪೇರ್ ರಿಬ್ಸ್ ಎನ್ನುತ್ತಾರೆ. ಹೊಗೆಯಲ್ಲಿ ಬೇಯಿಸಲು ಅದನ್ನು ತೂಕ ನೋಡಿ ಆರಿಸುವ ರೂಢಿ ಅಲ್ಲಿನ ಮಾಂಸೋದ್ಯಮದ ಜೊತೆಗೇ ಬೆಳೆಯಿತು.

19ನೇ ಶತಮಾನದ ಮೊದಲರ್ಧದಲ್ಲಿ ಹಂದಿಮಾಂಸದ ವ್ಯಾಪಾರಕ್ಕೆ ಓಹಿಯೋ ನದಿದಂಡೆಯ ಸಿನ್ಸಿನಾಟಿ ಹೆಸರಾಗಿತ್ತು. ಆಗ ಲಾಭ ತರುತ್ತಿದ್ದದ್ದು ಹ್ಯಾಮ್, ಬೇಕನ್, ಹಂದಿಕೊಬ್ಬು ಮತ್ತು ಪೀಪಾಯಿಗೆ ತುಂಬಿದ ಉಪ್ಪುಮಾಂಸ. ಎಲುಬೇ ಹೆಚ್ಚಿದ್ದು ಮಾಂಸ ಕಡಿಮೆಯಿದ್ದ ಪಕ್ಕೆಲುಬು ಪೀಪಾಯಿಯಲ್ಲಿ ಜಾಗ ತಿನ್ನುತ್ತಿತ್ತು. ಹಸಿಯಾಗಿ ದೂರ ಸಾಗಿಸಿದರೆ ಕೆಡುತ್ತಿತ್ತು. ಹಾಗಾಗಿ ಅದು ಕಸಾಯಿಖಾನೆಯ ಸುತ್ತಮುತ್ತಲೇ ಅಗ್ಗಕ್ಕೆ ಹೋಗುತ್ತಿತ್ತು. 1865ರಲ್ಲಿ ಶಿಕಾಗೋದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಆರಂಭವಾಯಿತು. ಮುಂದೆ ಶೀತಲ ರೈಲು ಬೋಗಿಗಳೂ ಬಂದವು. ಹಸಿ ಮಾಂಸ ದೂರದ ಪೇಟೆಗಳನ್ನು ಮುಟ್ಟತೊಡಗಿತು.

ಅಗ್ಗದ ಈ ಮಾಂಸಕ್ಕೆ ರುಚಿಯ ಹೆಸರು ತಂದವರಲ್ಲಿ ಕಪ್ಪು ಜನಾಂಗದ ಅಡುಗೆಯವರು ಮುಖ್ಯರು. ಕಾನ್ಸಾಸ್ ಸಿಟಿಯಲ್ಲಿ 20ನೇ ಶತಮಾನದ ಆರಂಭದಲ್ಲಿ ಹೆನ್ರಿ ಪೆರಿ ಬಾರ್ಬೆಕ್ಯೂ ಮಾರತೊಡಗಿದ. ದಕ್ಷಿಣದಿಂದ ವಲಸೆ ಬಂದವರು ಶಿಕಾಗೋದಲ್ಲಿ ಪಕ್ಕೆಲುಬಿನ ತುದಿಯ ತುಂಡುಗಳನ್ನೇ ಜನಪ್ರಿಯ ತಿನಿಸಾಗಿಸಿದರು.

ಹೊಗೆಒಲೆಯವರಿಗೆ ಅಚ್ಚುಮೆಚ್ಚಾದದ್ದು 'ತ್ರೀ ಅಂಡ್ ಡೌನ್' ವರ್ಗ, ಅಂದರೆ ಒಂದು ಪಟ್ಟಿ ಮೂರು ಪೌಂಡ್, ಸುಮಾರು 1.36 ಕೆ.ಜಿ. ಮೀರದ್ದು. ಹಗುರ ಪಟ್ಟಿ ಸಾಮಾನ್ಯವಾಗಿ ಚಿಕ್ಕ ಹಂದಿಯದು. ಮಾಂಸ ಎಳೆಯದು, ದಪ್ಪ ಕಡಿಮೆ, ಬೇಗ ಹದಕ್ಕೆ ಬರುತ್ತದೆ. ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪೂರ್ತಿ ಪಟ್ಟಿ ಬೇಯಲು ಐದಾರು ಗಂಟೆ ಬೇಕು. ಒಂದೇ ಒಲೆಯಲ್ಲಿ ಸಣ್ಣದು, ದೊಡ್ಡದು ಬೆರೆತರೆ ಒಂದು ಒಣಗುವ ಹೊತ್ತಿಗೆ ಇನ್ನೊಂದು ಗಟ್ಟಿಯಾಗಿಯೇ ಇರುತ್ತದೆ. ಒಲೆ ತುಂಬ ಪಟ್ಟಿ ಇಡುವ ಅಂಗಡಿಗೆ ಸಮಗಾತ್ರ ಬೇಕಾದದ್ದು ಇದಕ್ಕೇ.

ಎರಡನೇ ಮಹಾಯುದ್ಧದ ನಂತರ ಅಡುಗೆಮನೆಯಲ್ಲಿ ಹಂದಿಕೊಬ್ಬಿನ ಜಾಗಕ್ಕೆ ಸಸ್ಯಜನ್ಯ ಎಣ್ಣೆ ಬಂತು. ಸಾಕಣೆಗಾರರು ಕೊಬ್ಬು ಕಡಿಮೆಯಿರುವ ತಳಿಗಳತ್ತ ತಿರುಗಿದರು. ಕೊಬ್ಬು ಇಳಿದರೂ ಹಂದಿಯ ತೂಕ ಏರುತ್ತಲೇ ಹೋಯಿತು. ಇಂದು ವಧೆಗೆ ಬರುವ ಹಂದಿಯ ಸರಾಸರಿ ತೂಕ 280 ಪೌಂಡ್, ಅಂದರೆ ಸುಮಾರು 127 ಕೆ.ಜಿ. ದಾಟಿದೆ. ಮೂರು ಪೌಂಡಿನೊಳಗಿನ ಪಟ್ಟಿ ಅಪರೂಪವಾಯಿತು.

ಆಗ ತಕ್ಕಡಿ ಮಾಡುತ್ತಿದ್ದ ಕೆಲಸದಲ್ಲಿ ಒಂದಷ್ಟು ಕತ್ತಿಯ ಪಾಲಿಗೆ ಬಂತು. ಎದೆಮೂಳೆ, ಮೃದ್ವಸ್ಥಿ, ಒಳಬದಿಯ ಜೋಲುಮಾಂಸ ತೆಗೆದು ಪಟ್ಟಿಯನ್ನು ಆಯತಾಕಾರಕ್ಕೆ ತಂದರೆ ಅದು ಸೇಂಟ್ ಲೂಯಿಸ್ ಕಟ್. ಅಮೆರಿಕದ ಕೃಷಿ ಇಲಾಖೆಯ ಮಾಂಸ ಖರೀದಿ ನಿಯಮಾವಳಿಯಲ್ಲಿ ಪೂರ್ತಿ ಸ್ಪೇರ್ ರಿಬ್ಸ್‌ಗೆ 416, ಇದಕ್ಕೆ 416ಎ ಎಂಬ ಸಂಖ್ಯೆಗಳಿವೆ. ಹೀಗೆ ಕತ್ತರಿಸಿದರೆ ದೊಡ್ಡ ಹಂದಿಯ ಪಟ್ಟಿಯೂ ತುದಿಯಿಂದ ತುದಿಗೆ ಹೆಚ್ಚುಕಡಿಮೆ ಒಂದೇ ಹದದಲ್ಲಿ ಬೇಯುತ್ತದೆ. ಆದರೆ ಎಲುಬಿನ ಮೇಲಿನ ಮಾಂಸದ ದಪ್ಪ ಕತ್ತಿಯಿಂದ ಬದಲಾಗದು; ಆದ್ದರಿಂದ ಈ ಕಟ್ಟನ್ನು ಕೊಳ್ಳುವಾಗಲೂ ತೂಕ ನೋಡುವುದು ಉಳಿದಿದೆ.