ಬಣ್ಣದ ನೀರು ಬಳಿದರೆ ಗೊಂಬೆಗೆ ನೆರಳು ಮೂಡುತ್ತದೆಯೇ? ಬ್ರಷ್ ಬಾಯಿಗಿಡಬಹುದೇ?

ಯುದ್ಧದಾಟದ ಪುಟ್ಟ ಗೊಂಬೆಗೆ ಕಂದು ಬಣ್ಣದ ನೀರು ಬಳಿದರೆ ಮುಖ, ಕವಚ, ಬಟ್ಟೆಯ ಮಡಿಕೆ ಎಲ್ಲ ಎದ್ದು ಕಾಣುತ್ತವೆ ಎನ್ನುವ ವಿಡಿಯೊಗಳಿವೆ. ಅದು ನಿಜ. ಇದಕ್ಕೆ ‘ವಾಶ್’ ಎನ್ನುತ್ತಾರೆ.

ತೆಳು ಬಣ್ಣ ಉಬ್ಬಿನಿಂದ ಜಾರಿ ತಗ್ಗಿನಲ್ಲಿ ನಿಂತು ಒಣಗುತ್ತದೆ. ತಗ್ಗು ಕಪ್ಪಾದರೆ ನಮ್ಮ ಕಣ್ಣಿಗೆ ಅದು ನೆರಳು. ಕಡೂರು, ಅಜ್ಜಂಪುರ ಕಡೆಯವರು ತರೀಕೆರೆ ಬಳಿಯ ಅಮೃತಾಪುರದ ದೇವಸ್ಥಾನ (1196) ನೋಡಿರುತ್ತೀರಿ. ಅಲ್ಲಿ ಕೆತ್ತನೆ ಆಳವಾಗಿರುವುದರಿಂದ ಬಿಸಿಲೇ ನೆರಳು ಮೂಡಿಸುತ್ತದೆ. ಇಂಚುದ್ದದ ಗೊಂಬೆಯಲ್ಲಿ ಅಷ್ಟು ಆಳವೆಲ್ಲಿ? ನೆರಳನ್ನೂ ನಾವೇ ಬಳಿಯಬೇಕು.

‘ಬರೀ ನೀರು ಬೆರೆಸಿದರೆ ಸಾಕು’ ಎಂಬುದು ಅರ್ಧ ಸತ್ಯ. ನೀರು ಹೆಚ್ಚಾದರೆ ಅಕ್ರಿಲಿಕ್ ಬಣ್ಣದ ಅಂಟು ದುರ್ಬಲವಾಗುತ್ತದೆ, ಒಣಗಿದ ಮೇಲೆ ಕಾಫಿ ಲೋಟ ಇಟ್ಟಂಥ ಉಂಗುರ ಉಳಿಯುತ್ತದೆ. ನೀರಿನ ಜೊತೆ ಅಕ್ರಿಲಿಕ್ ಮೀಡಿಯಂ ಬೆರೆಸಿ. ಪಾತ್ರೆ ತೊಳೆಯುವ ಲಿಕ್ವಿಡ್ ತುಸು ಹಾಕಿದರೆ ನೀರಿನ ಮೇಲ್ಮೈ ಸೆಳೆತ ಕಡಿಮೆಯಾಗಿ ಬಣ್ಣ ಸಂದಿಗೆ ಸಲೀಸಾಗಿ ಇಳಿಯುತ್ತದೆ. ದಸರೆಯ ಮಣ್ಣಿನ ಗೊಂಬೆಯಾದರೆ ಮೊದಲು ವಾರ್ನಿಷ್ ಹಚ್ಚಿ, ಇಲ್ಲದಿದ್ದರೆ ಮಣ್ಣೇ ಬಣ್ಣ ಹೀರಿಬಿಡುತ್ತದೆ.

ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವುದು ಮಾತ್ರ ಬೇಡವೇ ಬೇಡ. ‘ನಾನ್ ಟಾಕ್ಸಿಕ್’ ಎಂದರೆ ನೆಕ್ಕಬಹುದು ಎಂದಲ್ಲ. ಚಿತ್ರಕಾರರ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ. 1920ರ ಆಸುಪಾಸಿನಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಯುವತಿಯರಿಗೆ ಹೀಗೇ ಕಲಿಸಿದ್ದರು. ಹಲವರ ದವಡೆ ಮೂಳೆ ಕೊಳೆಯಿತು, ಪ್ರಾಣವೂ ಹೋಯಿತು. ನಿಮ್ಮ ಬಾಟಲಿಯಲ್ಲಿ ರೇಡಿಯಂ ಇಲ್ಲ, ಸರಿ. ಆದರೆ ಪಕ್ಕದಲ್ಲಿ ಕೂತ ಮಗು ನಿಮ್ಮನ್ನು ನೋಡಿಯೇ ಕಲಿಯುತ್ತದೆ. ಒದ್ದೆ ಬಟ್ಟೆಯ ಮೇಲೆ ಹೊರಳಿಸಿದರೂ ತುದಿ ಅಷ್ಟೇ ಚೂಪಾಗುತ್ತದೆ.