ತಕ್ಕಡಿಯಲ್ಲಿ ಕಿಲೋ, ಬಾಯಲ್ಲಿ ಪಾವು: ರಸೆಲ್ ಮಾರುಕಟ್ಟೆಯ ಅಳತೆಗಳು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಒಂದು ಸುತ್ತು ಬಂದವರ ಕಿವಿಗೆ ನಾಲ್ಕಾರು ಬಗೆಯ ಅಳತೆಗಳು ಬೀಳುತ್ತವೆ. ಮಾಂಸದ ಅಂಗಡಿಯಲ್ಲಿ ಕಿಲೋ, ಹಸಿಮೆಣಸಿನಕಾಯಿಯ ಮುಂದೆ ‘ಆಧಾ ಪಾವ್’, ಮೊಟ್ಟೆಗೆ ಡಜನ್, ಸೊಪ್ಪಿಗೆ ಕಟ್ಟು, ಮಲ್ಲಿಗೆಗೆ ಮೊಳ. ತಕ್ಕಡಿಯ ಮೇಲೆ ಬೆಳಗುವ ಅಂಕಿ ಮಾತ್ರ ಎಲ್ಲೆಡೆ ಕಿಲೋಗ್ರಾಮಿನದೇ. ದೇಶವು ಮೆಟ್ರಿಕ್ ಪದ್ಧತಿಯನ್ನು ಕಡ್ಡಾಯಗೊಳಿಸಿ ಆರು ದಶಕಗಳು ಕಳೆದಿವೆ. ಹಳೆಯ ಅಳತೆ ಎಲ್ಲಿ ಅಳಿಯಿತು, ಎಲ್ಲಿ ಉಳಿಯಿತು ಎಂಬುದನ್ನು ತಿಳಿಯಲು ಈ ಮಾರುಕಟ್ಟೆ ಹಾಗೂ ನಗರದ ಪೂರ್ವ ಭಾಗದ ಬಡಾವಣೆಗಳು ಒಳ್ಳೆಯ ನಿದರ್ಶನ. ಉಳಿದ ಕಡೆಗಳಲ್ಲಿ ವ್ಯತ್ಯಾಸದ ಹಣ ಬಹುಮಟ್ಟಿಗೆ ಕೊಳ್ಳುವವರ ಜೇಬಿನಿಂದಲೇ ಹೋಗುತ್ತದೆ.

ಒಂದೇ ಹೆಸರು, ಹಲವು ತೂಕ

1927ರಲ್ಲಿ ನಿರ್ಮಾಣಗೊಂಡು 1933ರಲ್ಲಿ ಉದ್ಘಾಟನೆಯಾದ ಈ ಕಟ್ಟಡಕ್ಕೆ ಅಂದಿನ ಪುರಸಭಾ ಆಯುಕ್ತ ಟಿ.ಬಿ. ರಸೆಲ್ ಅವರ ಹೆಸರಿಡಲಾಯಿತು. ಆಗ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು. ಪೇಟೆಯ ಭಾಗ ಮೈಸೂರು ಸಂಸ್ಥಾನದ್ದು. ದಂಡು ಪ್ರದೇಶ ಸಂಸ್ಥಾನಕ್ಕೆ ಮರಳಿದ್ದು 1947ರ ಜುಲೈನಲ್ಲಿ.

ಆ ಕಾಲದ ಗ್ರಾಹಕನ ಪಾಡು ಸುಲಭದ್ದಾಗಿರಲಿಲ್ಲ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ ತೂಗುತ್ತಿತ್ತು, ಅಂದರೆ ಸುಮಾರು 280 ಗ್ರಾಂ. ಬ್ರಿಟಿಷ್ ಇಂಡಿಯಾದಲ್ಲಿ 1939ರ ಕಾಯ್ದೆ ನಿಗದಿಪಡಿಸಿದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ನಲವತ್ತು ಸೇರಿಗೆ ಒಂದು ಮಣ ಎಂಬುದು ಎರಡೂ ಕಡೆ ಒಂದೇ. ಆದರೆ ಒಂದರ ಮಣ 11 ಕಿಲೋ ಚಿಲ್ಲರೆ, ಇನ್ನೊಂದರದು 37 ಕಿಲೋಗೂ ಮಿಗಿಲು. ಇವುಗಳ ನಡುವೆ ಮದರಾಸು ಪ್ರಾಂತದ 120 ತೊಲದ ವೀಸೆ ಬೇರೆ. ಇದು ಸಾಲದೆಂಬಂತೆ ಕಾಳುಕಡಿಗಳನ್ನು ಅಳೆಯುವ ಪಾತ್ರೆಗೂ ಸೇರು ಎಂದೇ ಹೆಸರು. ತೂಕದ ಸೇರು, ಅಳತೆಯ ಸೇರು ಬೇರೆ ಬೇರೆ ಎಂಬುದನ್ನು ಅರಿಯದವನು ಮೋಸ ಹೋಗುವುದು ಖಚಿತವಾಗಿತ್ತು.

ಸ್ವಾತಂತ್ರ್ಯಾನಂತರ ಈ ಗೊಂದಲಕ್ಕೆ ತೆರೆ ಎಳೆದದ್ದು 1956ರ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆ. 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯಗಳು ಬಂದವು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಯಾದವು. ಹೊಸತು ಹಳತು ಎರಡಕ್ಕೂ ಕೆಲಕಾಲ ಅವಕಾಶವಿತ್ತು. 1962ರ ಏಪ್ರಿಲ್‌ನಲ್ಲಿ ಹಳೆಯದನ್ನು ನಿಷೇಧಿಸಲಾಯಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದು 2011ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ತೂಕದ ವಿಷಯದಲ್ಲಿ ಕಾನೂನು ಗೆದ್ದದ್ದಕ್ಕೆ ಕಾರಣ ಸರಳ. ತೂಕದ ಬಟ್ಟು ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು. ಅದನ್ನು ಪರೀಕ್ಷಿಸಿ ಮುದ್ರೆ ಒತ್ತಬಹುದು, ಮುದ್ರೆ ಇಲ್ಲದಿದ್ದರೆ ವಶಪಡಿಸಿಕೊಳ್ಳಬಹುದು. ದೇಶದ ಕಿಲೋಗ್ರಾಮಿನ ಮಾದರಿ ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. ಅಲ್ಲಿಂದ ಹಂತಹಂತವಾಗಿ ತಾಳೆ ನೋಡಿದ ಮಾನಕಗಳು ರಾಜ್ಯದ ಇಲಾಖೆಗೆ, ಇಲಾಖೆಯ ನಿರೀಕ್ಷಕರಿಂದ ಅಂಗಡಿಯ ತಕ್ಕಡಿಗೆ ತಲುಪುತ್ತವೆ. ಸಾಮಾನ್ಯ ತಕ್ಕಡಿ ಮತ್ತು ಬಟ್ಟುಗಳನ್ನು ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರಿಶೀಲನೆಗೆ ಒಳಪಡಿಸಬೇಕೆಂಬುದು ನಿಯಮ. ಪರಿಶೀಲನಾ ಪ್ರಮಾಣಪತ್ರವನ್ನು ಗ್ರಾಹಕರಿಗೆ ಕಾಣುವಂತೆ ಇಡಬೇಕು. ಇದನ್ನು ಕೇಳಿ ನೋಡುವ ಗ್ರಾಹಕರು ಮಾತ್ರ ವಿರಳ.

ಅರ್ಧ, ಕಾಲು, ಅರೆಪಾವು

ತೂಕದ ಬಟ್ಟು ಬದಲಾದಷ್ಟು ಬೇಗ ಮಾತು ಬದಲಾಗಲಿಲ್ಲ. ಸೇರಿನ ಲೆಕ್ಕವೆಂದರೆ ಅರ್ಧಿಸುತ್ತ ಹೋಗುವ ಲೆಕ್ಕ: ಸೇರು, ಅಚ್ಚೇರು, ಪಾವು, ಚಟಾಕು. ಮೆಟ್ರಿಕ್ ಬಟ್ಟುಗಳ ಸಾಲು ಬೇರೆ: 500, 200, 100, 50. ಇದರಲ್ಲಿ ಕಾಲು ಕಿಲೋಗೆ ಪ್ರತ್ಯೇಕ ಬಟ್ಟಿಲ್ಲ. 200ರ ಜೊತೆಗೆ 50 ಇಡಬೇಕು. ಆದರೂ ಜನ ಕೇಳುವುದು 200 ಗ್ರಾಂ ಅಲ್ಲ, ಕಾಲು ಕಿಲೋ. ದಖನಿ ಉರ್ದು, ತಮಿಳು, ಕನ್ನಡ ಮೂರೂ ಬೆರೆತ ಈ ಮಾರುಕಟ್ಟೆಯಲ್ಲಿ ಪಾವ್ ಎಂದರೆ 250 ಗ್ರಾಂ, ಆಧಾ ಪಾವ್ ಎಂದರೆ 125. ಸೇರು ಹೋಗಿದೆ, ಸೇರಿನ ಕಾಲು ಭಾಗ ಕಿಲೋದ ಕಾಲು ಭಾಗವಾಗಿ ಉಳಿದಿದೆ.

ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ದರ ಹೇಳುವಾಗ. ತರಕಾರಿ ದುಬಾರಿಯಾದ ದಿನಗಳಲ್ಲಿ ವ್ಯಾಪಾರಿ ಕಿಲೋ ದರ ಹೇಳದೆ ಕಾಲು ಕಿಲೋ ದರ ಕೂಗುವುದುಂಟು. ಕಾಲು ಕಿಲೋಗೆ 30 ರೂಪಾಯಿ ಎಂದು ಕೊಂಡವರು ಕಿಲೋಗೆ 120 ತೆತ್ತಂತಾಯಿತು. ಪಕ್ಕದ ಅಂಗಡಿಯಲ್ಲಿ ಕಿಲೋ 100 ಇದ್ದರೂ ಅದೇ ಹೆಚ್ಚೆಂದು ಕಾಣುತ್ತದೆ.

ಹೂವಿನ ಮಾತೇ ಬೇರೆ. ಬಿಡಿ ಹೂವು ಕಿಲೋ ಲೆಕ್ಕದಲ್ಲಿ, ಕಟ್ಟಿದ ಹೂವು ಮೊಳ ಮತ್ತು ಮಾರಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ ಒಂದು ಮೊಳ, ಸುಮಾರು 45 ಸೆಂಟಿಮೀಟರ್. ನಾಲ್ಕು ಮೊಳ ಒಂದು ಮಾರು. ಯಾರ ಮೊಳಕೈ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ಒಂದೇ: ಮಾರುವವರದು. ಉದ್ದ ಕೈಯ ಹೂವಾಡಗಿತ್ತಿಯನ್ನು ಹುಡುಕಿ ಹೋಗುವ ಗೃಹಿಣಿಯರ ಜಾಣ್ಮೆ ಹಾಸ್ಯದ ಮಾತಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕೂ ಬೆಲೆಯಿದೆ.

ಕಾನೂನಿನ ಪ್ರಕಾರ ಉದ್ದವನ್ನು ಹೇಳಬೇಕಾದದ್ದು ಮೀಟರಿನಲ್ಲಿ. ಆದರೆ ಮೊಳದ ಬದಲು ಮೀಟರ್ ಪಟ್ಟಿ ಹಿಡಿದರೂ ಗ್ರಾಹಕರಿಗೆ ಹೆಚ್ಚು ನ್ಯಾಯ ಸಿಕ್ಕೀತೆಂದು ಹೇಳಲಾಗದು. ಒತ್ತಾಗಿ ಕಟ್ಟಿದ ಮಾಲೆ, ಬಿಡಿಬಿಡಿಯಾಗಿ ಕಟ್ಟಿದ ಮಾಲೆ ಎರಡೂ ಒಂದೇ ಉದ್ದವಿರಬಹುದು. ಹೂವಿನ ತೂಕ ಅರ್ಧಕ್ಕರ್ಧ ಬೇರೆಯಿರುತ್ತದೆ. ಕೊಳ್ಳುವವರು ಮೊಳದ ಜೊತೆಗೆ ಕಟ್ಟನ್ನೂ ನೋಡುತ್ತಾರೆ. ಅದನ್ನು ಅಳೆಯುವ ಮಾನಕ ಯಾವ ಇಲಾಖೆಯ ಬಳಿಯೂ ಇಲ್ಲ.

ಹತ್ತಿರದ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಮೀಟರಿಗೆ ಬಂದಿದೆ, ಅದನ್ನು ಹೊಲಿಯುವ ದರ್ಜಿಯ ಟೇಪು ಇಂಚಿನಲ್ಲೇ ಇದೆ. ಬಂಗಾರವನ್ನು ಗ್ರಾಮಿನಲ್ಲಿ ತೂಗಿದರೂ ಮನೆಮಾತಿನಲ್ಲಿ ಅದು ಇಂದಿಗೂ 8 ಗ್ರಾಮಿನ ಸವರನ್. ಜ್ವರ ಫ್ಯಾರನ್‌ಹೀಟಿನಲ್ಲಿ, ಬೇಸಿಗೆಯ ಬಿಸಿಲು ಸೆಲ್ಸಿಯಸ್‌ನಲ್ಲಿ. ರಸ್ತೆ ಕಿಲೋಮೀಟರಿನದಾದರೂ ತುಮಕೂರು ರಸ್ತೆಯ ಎಂಟನೇ ಮೈಲಿಗೆ ಹೆಸರು ಬದಲಾಗಿಲ್ಲ. ಇವುಗಳಿಂದ ಯಾರಿಗೂ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಮೂವತ್ತು ನಲವತ್ತು ಎಂಬ ನಿವೇಶನ

ನಷ್ಟದ ಲೆಕ್ಕ ಲಕ್ಷಗಳಲ್ಲಿ ಬರುವುದು ನೆಲದ ವಿಷಯದಲ್ಲಿ. ಮಾರುಕಟ್ಟೆಯಿಂದ ಪೂರ್ವಕ್ಕೆ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗೆ ಯಾರನ್ನೇ ಕೇಳಿದರೂ ನಿವೇಶನದ ಅಳತೆ ಹೇಳುವುದು ಅಡಿಗಳಲ್ಲಿ: ‘ಥರ್ಟಿ ಫಾರ್ಟಿ’, ‘ಫಾರ್ಟಿ ಸಿಕ್ಸ್ಟಿ’. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚಿಕೆ ಮಾಡುವುದು ಮೀಟರಿನಲ್ಲಿ. ಜನ 30x40 ಎನ್ನುವ ನಿವೇಶನ ಪ್ರಾಧಿಕಾರದ ಪತ್ರದಲ್ಲಿ 9x12 ಮೀಟರ್.

ಎರಡೂ ಒಂದೇ ಅಲ್ಲ. 30x40 ಅಡಿ ಎಂದರೆ 1,200 ಚದರಡಿ. 9x12 ಮೀಟರ್ ಎಂದರೆ 108 ಚದರ ಮೀಟರ್, ಅಂದರೆ ಸುಮಾರು 1,162.5 ಚದರಡಿ. ವ್ಯತ್ಯಾಸ 37.5 ಚದರಡಿ, ಒಂದು ಸಣ್ಣ ಸ್ನಾನದ ಮನೆಯಷ್ಟು ಜಾಗ. 40x60 ಎಂದು ಕರೆಯಲಾಗುವ 12x18 ಮೀಟರಿನ ನಿವೇಶನದಲ್ಲಿ ಇದು 75 ಚದರಡಿಯಾಗುತ್ತದೆ. ಮೊದಲ ಹಂಚಿಕೆದಾರರಿಗೆ ಇದರಿಂದ ಮೋಸವಿಲ್ಲ. ಪತ್ರದಲ್ಲಿದ್ದಷ್ಟೇ ನೆಲ ಅವರಿಗೆ ಸಿಕ್ಕಿರುತ್ತದೆ. ಅದೇ ನಿವೇಶನ ಮರುಮಾರಾಟಕ್ಕೆ ಬಂದಾಗ ಮಧ್ಯವರ್ತಿ 1,200 ಚದರಡಿ ಎಂದು ಗುಣಿಸುತ್ತಾನೆ. ಚದರಡಿಗೆ 10,000 ರೂಪಾಯಿ ಎಂದುಕೊಂಡರೂ ಕೊಳ್ಳುವವರು ಇಲ್ಲದ ನೆಲಕ್ಕೆ 3.75 ಲಕ್ಷ ತೆತ್ತಿರುತ್ತಾರೆ.

ಕಟ್ಟಡದ ಗುತ್ತಿಗೆಯಲ್ಲಿ ಇನ್ನೊಂದು ಪದವಿದೆ: ಚದರ. ಹತ್ತು ಚದರದ ಮನೆ ಎಂದರೆ ಸಾವಿರ ಚದರಡಿಯ ಮನೆ. ಊರಿಗೆ ಹೊಸಬರು ಚದರವನ್ನು ಚದರ ಮೀಟರ್ ಎಂದು ತಿಳಿಯುವ ಅಪಾಯವಿದೆ. ಒಂದು ಚದರ ಸುಮಾರು 9.3 ಚದರ ಮೀಟರಿಗೆ ಸಮ.

ಕೆ.ಆರ್. ಪುರದ ಕಡೆ ಹಳ್ಳಿಗಳ ಹೊಲಗಳೇ ಬಡಾವಣೆಗಳಾಗಿವೆ. ಅಲ್ಲಿ ಲೆಕ್ಕ ಇನ್ನೂ ಒಂದು ಮೆಟ್ಟಿಲು ಹಿಂದಕ್ಕೆ ಹೋಗುತ್ತದೆ. ಸರ್ಕಾರದ್ದೇ ಆದ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ಇಂದಿಗೂ ಎಕರೆ ಮತ್ತು ಗುಂಟೆಯಲ್ಲಿದೆ. ಒಂದು ಗುಂಟೆ 33x33 ಅಡಿ, ಅಂದರೆ 1,089 ಚದರಡಿ. ನಲವತ್ತು ಗುಂಟೆ ಒಂದು ಎಕರೆ. ಮೆಟ್ರಿಕ್‌ನಲ್ಲಿ ಗುಂಟೆ 101.17 ಚದರ ಮೀಟರ್. ಹೆಕ್ಟೇರಿನ ನೂರನೆಯ ಒಂದು ಭಾಗ 100 ಚದರ ಮೀಟರ್. ಎರಡರ ನಡುವಣ ಅಂತರ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಅಡಿಗೂ ಮೀಟರಿಗೂ ಇಲ್ಲದ ಹೊಂದಿಕೆ ಇಲ್ಲಿದ್ದರೂ ಪಹಣಿಯ ಅಂಕಣ ಬದಲಾಗಿಲ್ಲ. ಹೀಗಾಗಿ ಒಂದೇ ತುಂಡು ನೆಲ ಪಹಣಿಯಲ್ಲಿ ಗುಂಟೆ, ನಕ್ಷೆಯಲ್ಲಿ ಮೀಟರ್, ಮಾರುವವರ ಬಾಯಲ್ಲಿ ಅಡಿ. ಮುಂಗಡ ಕೊಡುವ ಮೊದಲು ನಾಲ್ಕೂ ಬದಿಗೆ ಟೇಪು ಹಿಡಿದು, ಬಂದ ಅಳತೆಯನ್ನು ಮೀಟರ್ ಮತ್ತು ಅಡಿ ಎರಡರಲ್ಲೂ ಕರಾರುಪತ್ರದಲ್ಲಿ ಬರೆಸಿಕೊಂಡವರಿಗೆ ಈ 37.5 ಚದರಡಿಯ ತಕರಾರು ಬರುವುದಿಲ್ಲ.